ಬಾಗಿಲಿಗೆ ಅಡ್ಡ ಬಂದ ಗೋಡೆ

ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲ. ನಮ್ಮ ವೃತ್ತಿಶಿಕ್ಷಣ ಕಾಲೇಜಿನಲ್ಲಿ ಎಸಿ ಇದ್ದದ್ದು ಅಲ್ಲಿ ಮಾತ್ರ. ಕಟ್ಟಡ ವಿಭಾಗದ ನಾವು ಬಿಸಿಲಲ್ಲಿ ಕೆಸರು ಕಲಸಿ ಗೋಡೆ ಕಟ್ಟುತ್ತಿದ್ದೆವು. ನಾಳೆಗೆ ಇಟ್ಟಿಗೆ ಬೇಕಲ್ಲ, ಸಂಜೆ ಬಿಚ್ಚುತ್ತಿದ್ದೆವು.

ತಪಾಸಣೆಗೆ ಬಂದ ಸಾಹೇಬರು ಖಾಲಿ ಅಂಗಳ ನೋಡಿ ಸಿಡಿದರು. "ಇಷ್ಟು ವರ್ಷದಲ್ಲಿ ಒಂದು ಗೋಡೆಯೂ ಇಲ್ಲ! ಈ ಕೋರ್ಸ್ ಮುಚ್ಚಿಬಿಡಿ." ಬೂಟು ಕಳಚಿ ಎಸಿ ಕೋಣೆ ಸೇರಿದರು.

ನಮಗೆ ಕಲಿಸುತ್ತಿದ್ದ ಫಕೀರಪ್ಪ ಮೇಸ್ತ್ರಿ ಕಣ್ಣು ಮಿಟುಕಿಸಿದರು. ವ್ಯಾಪಾರ ವಿಭಾಗದವರು ಸಾಹೇಬರನ್ನು ಮಾತಿನಲ್ಲಿ ಹಿಡಿದಿಟ್ಟರು. ಆಟದ ವಿಭಾಗದವರು ಇಟ್ಟಿಗೆ ಎಸೆದರು, ನಾವು ಹಿಡಿದು ಕಟ್ಟಿದೆವು.

ಸಾಹೇಬರು ಬಾಗಿಲು ಎಳೆದರೆ ಎದುರಿಗೆ ಎದೆಮಟ್ಟದ ಗೋಡೆ. ಬೂಟು ಆಚೆ.

"ಏನಯ್ಯ ಇದು?"

"ಗ್ವಾಡಿ ಕೇಳಿದ್ರಲ್ರೀ, ಸಾಹೇಬ್ರ," ಎಂದರು ಆಚೆ ನಿಂತಿದ್ದ ಮೇಸ್ತ್ರಿ.

"ಬಾಗಿಲು ಬಿಡಬಾರದಿತ್ತೆ?"

"ಗ್ವಾಡಿ ಮೊದಲ್ನೇ ವರ್ಷದ ಪಾಠ ರೀ. ಬಾಗಲಾ ಎರಡ್ನೇ ವರ್ಷದ್ದು. ಕೋರ್ಸ್ ಉಳಿಸಿದ್ರ ಕಲಿಸ್ತೀವಿ."

ಸಾಹೇಬರು ಗೋಡೆಯನ್ನು ಬೆರಳಿನಿಂದ ತಟ್ಟಿದರು. ನಗು ತಡೆಯಲಾಗಲಿಲ್ಲ. "ಆಯ್ತು, ಕಲಿಸಯ್ಯ" ಎಂದರು.

ಆ ಗೋಡೆಯನ್ನೂ ಬಿಚ್ಚಿದೆವು. ಅಷ್ಟು ನಿಧಾನವಾಗಿ ನಾವು ಬೇರೆ ಯಾವ ಗೋಡೆಯನ್ನೂ ಬಿಚ್ಚಿರಲಿಲ್ಲ.