ಪಾಳೇಗಾರ ಕೊರೆದ ಗೆರೆ

"ಗುರುಗಳೇ, ತಂತಿಯ ಸುರುಳಿ ಸುತ್ತುವ ಪಾಯಣ್ಣನವರನ್ನು ಕೆಲಸದಿಂದ ಬಿಡಿಸಿಬಿಡಲೇ?" ಎಂದು ಮಂದಾಕಿನಿ ಕೇಳಿದಳು.

ಅವಳು ವಿನ್ಯಾಸ ಮಾಡಿದ ಪವರ್ ಸಪ್ಲೈ ಕೀರಲು ದನಿ ಮಾಡುತ್ತಿತ್ತು. ಅದರ ಸ್ವಿಚ್ಚು ಗಡಿಯಾರದ ಪ್ರತಿ ಮಿಡಿತಕ್ಕೂ ಆನ್ ಆಗಬೇಕು. ಸುರುಳಿಯ ಕರೆಂಟು ಅವಳಿಟ್ಟ ಮಿತಿಯನ್ನು ಮುಟ್ಟಿದೊಡನೆ ಆಫ್ ಆಗಬೇಕು. ಆದರೆ ಒಂದು ಮಿಡಿತದಲ್ಲಿ ಅದು ಹೆಚ್ಚು ಹೊತ್ತು ಆನ್ ಇರುತ್ತಿತ್ತು, ಮರುಮಿಡಿತದಲ್ಲಿ ಕಡಿಮೆ ಹೊತ್ತು. ಮಿತಿಯನ್ನು ಮತ್ತೆ ಮತ್ತೆ ಅಳೆದು ನೋಡಿದ್ದಳು, ಕೂದಲೆಳೆಯಷ್ಟೂ ತಪ್ಪಿಲ್ಲ. ಹಾಗಾದರೆ ತಪ್ಪು ಸುರುಳಿಯದೇ. ಪಾಯಣ್ಣನಿಗೆ ಬೇರೆ ಕಸುಬು ಗೊತ್ತಿಲ್ಲವೆಂಬುದು ಮಾತ್ರ ಅವಳ ಮನಸ್ಸನ್ನು ಚುಚ್ಚುತ್ತಿತ್ತು.

ಗುರುಗಳು ಹೇಳಿದರು:

ಒಬ್ಬ ಪಾಳೇಗಾರನಿಗೆ ವೀಳ್ಯದೆಲೆಯ ತೋಟವಿತ್ತು. ಕೆರೆಯ ತೂಬು ತೆಗೆದರೆ ನೀರು ತೊಟ್ಟಿಗೆ, ತೊಟ್ಟಿಯಿಂದ ತೋಟಕ್ಕೆ. ತೊಟ್ಟಿಯ ಗೋಡೆಯಲ್ಲಿ ತಾನೇ ಗೆರೆ ಕೊರೆದು ಕಾವಲುಗಾರನಿಗೆ ಅಪ್ಪಣೆ ಕೊಟ್ಟ: ಗಂಟೆ ಹೊಡೆದಾಗ ತೂಬು ತೆಗೆ, ನೀರು ಗೆರೆ ಮುಟ್ಟಿದಾಗ ಮುಚ್ಚು. ತೊಟ್ಟಿ ತುಂಬುವುದು ನಿಧಾನ, ಬಸಿಯುವುದು ಬೇಗ.

ಒಂದು ದಿನ ದಾರಿಹೋಕನ ಕುದುರೆ ತೊಟ್ಟಿಗೆ ಬಾಯಿ ಹಾಕಿತು. ಗಂಟೆಯ ಹೊತ್ತಿಗೆ ನೀರು ತುಸು ಕಡಿಮೆಯಿತ್ತು. ಗೆರೆ ಮುಟ್ಟಲು ತಡವಾಯಿತು, ಬಸಿಯಲು ಹೊತ್ತು ಸಾಲಲಿಲ್ಲ. ಮುಂದಿನ ಗಂಟೆಗೆ ನೀರು ಹೆಚ್ಚೇ ಉಳಿಯಿತು. ಆಗ ತೂಬು ಬೇಗ ಮುಚ್ಚಿತು, ನೀರು ಬಹಳ ಬಸಿಯಿತು. ಕೊರತೆ ಹಿಂದಿಗಿಂತ ದೊಡ್ಡದಾಯಿತು. ಹೀಗೇ ಏರುಪೇರು ಬೆಳೆಯುತ್ತ ಹೋಗಿ ಬಳ್ಳಿ ಒಮ್ಮೆ ಬಾಡಿತು, ಒಮ್ಮೆ ಕೊಳೆಯಿತು. ಪಾಳೇಗಾರ ಕಾವಲುಗಾರನನ್ನು ಓಡಿಸಿದ. ಹೊಸಬನನ್ನೂ ಓಡಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಊರು ಆಡಿಕೊಂಡಿತು. ಕೊನೆಗೆ ಅವನೇ ಹೋಗಿ ಕೂತ. ಅವನ ಕೈಯಲ್ಲೂ ನೀರು ಹಾಗೆಯೇ ಹೊಯ್ದಾಡಿತು.

ಆಗ ಅವನು ಗೆರೆಯನ್ನು ಬಿಟ್ಟು, ಹಗ್ಗಕ್ಕೊಂದು ಕೋಲು ಕಟ್ಟಿ ಇಳಿಬಿಟ್ಟ. ಗಂಟೆ ಹೊಡೆದಾಗ ಮೇಲಕ್ಕೆಳೆದು, ಹೊತ್ತು ಸರಿದಂತೆ ಸ್ವಲ್ಪಸ್ವಲ್ಪವೇ ಕೆಳಗಿಳಿಸಿ, ನೀರು ಕೋಲಿಗೆ ತಗುಲಿದಾಗ ತೂಬು ಮುಚ್ಚಿದ. ತಡವಾದಷ್ಟೂ ಕಡಿಮೆ ನೀರಿಗೇ ತೂಬು ಮುಚ್ಚಿತು. ಹೊಯ್ದಾಟ ಸುತ್ತಿನಿಂದ ಸುತ್ತಿಗೆ ತಗ್ಗಿ ತೋಟ ಉಳಿಯಿತು.

"ಹಾಗಾದರೆ ನನ್ನ ಮಿತಿಯೂ ಹೊತ್ತಿನೊಡನೆ ಇಳಿಯಬೇಕು. ಬಹಳ ಇಳಿಸಿದರೆ?"

"ನೀರನ್ನು ನೋಡುವುದು ಬಿಟ್ಟು ಬರೀ ಗಂಟೆಯನ್ನು ಕೇಳಿದಂತಾಗುತ್ತದೆ. ಹದ ಮೀರಬೇಡ."

ಮಂದಾಕಿನಿಗೆ ಎದೆಯ ಭಾರ ಇಳಿಯಿತು. "ಕಾವಲುಗಾರರದೇನೂ ತಪ್ಪಿರಲಿಲ್ಲ, ಪಾಪ. ಪಾಯಣ್ಣನವರು ಇರಲಿ ಬಿಡಿ," ಎಂದಳು, ದೊಡ್ಡ ಮನಸ್ಸು ಮಾಡಿದವಳಂತೆ.

"ಇಬ್ಬರನ್ನು ಓಡಿಸಿದರು, ಮಗಳೇ, ಗೆರೆ ಕೊರೆದವನನ್ನು ಓಡಿಸಬೇಕೆಂದು ಮಾತ್ರ ಯಾರಿಗೂ ತೋಚಲಿಲ್ಲ," ಎಂದರು ಗುರುಗಳು.