ನೂರ ನಲವತ್ತೆರಡು ವರ್ಷದ ಲಿಯೊನ್‌ಹಾರ್ಟ್

ಬವೇರಿಯಾದ ಒಂದು ಪುಟ್ಟ ಊರು. ಅಲ್ಲಿ ಲಿಯೊನ್‌ಹಾರ್ಟ್ ಎಂಬ ರೈತ ನೂರ ನಲವತ್ತೆರಡು ವರ್ಷ ಬದುಕಿದ್ದನಂತೆ. ಬಂದವರಿಗೆಲ್ಲ ಅದೇ ಪುರಾಣ. ಮೇಯರ್ ಕಾಸ್ಪರ್ ಅದನ್ನು ಕಲ್ಲಿನಲ್ಲಿ ಕೆತ್ತಿಸಲು ಹೊರಟರು.

"ಸಂಜೆಯೊಳಗೆ ಅವನ ವಯಸ್ಸಿಗೆ ದೃಢೀಕರಣ ಪತ್ರ ಬರೆದು ತಾ. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ!" ಎಂದು ಗುಮಾಸ್ತನ ಮೇಲೆ ಹಾರಾಡಿದರು.

ಗುಮಾಸ್ತ ಚರ್ಚಿನ ಹಳೇ ದಫ್ತರ ಜಾಲಾಡಿ ಹಣೆ ಚಚ್ಚಿಕೊಂಡ. ಆ ಸೀಮೆಯಲ್ಲಿ ಹಿರಿಮಗನಿಗೆ ಅಪ್ಪನ ಹೆಸರನ್ನೇ ಇಡುವ ರೂಢಿ. ಲಿಯೊನ್‌ಹಾರ್ಟ್ ಒಬ್ಬನಲ್ಲ, ಅಜ್ಜ, ಮಗ, ಮೊಮ್ಮಗ, ಮೂವರು!

"ಸ್ವಾಮಿ, ಇದು ಮೂರು ಜನರ ಆಯುಸ್ಸು."

"ಹೆಸರು ಒಂದೇ, ಮನೆ ಒಂದೇ ಅಂದಮೇಲೆ ಆಸಾಮಿಯೂ ಒಬ್ಬನೇ! ಬಾಯಿ ಮುಚ್ಚಿಕೊಂಡು ಬರಿ!"

ಗುಮಾಸ್ತ ಬರೆದ. ಜೊತೆಗೆ ಇನ್ನೊಂದು ಹಾಳೆಯನ್ನೂ ಮುಂದಿಟ್ಟ.

"ಇದೇನು?"

"ಬರುವ ಚುನಾವಣೆಗೆ ನಿಮ್ಮ ನಾಮಪತ್ರ. ನಿಮ್ಮ ತಂದೆಯೂ ಕಾಸ್ಪರ್, ತಾತನೂ ಕಾಸ್ಪರ್, ಮನೆಯೂ ಅದೇ. ನೀವು ಹೇಳಿದ ಪ್ರಕಾರವೇ ವಯಸ್ಸು ಹಾಕಿದ್ದೇನೆ, ನೂರ ಮೂವತ್ತೊಂದು. ಆದರೆ ಎಪ್ಪತ್ತು ದಾಟಿದವರು ನಿಲ್ಲಬಾರದೆಂದು ಹೋದ ವರ್ಷ ನೀವೇ ಕಾಯಿದೆ ಮಾಡಿಸಿದ್ದೀರಿ, ಸ್ವಾಮಿ."

ಮೇಯರ್ ಎರಡೂ ಹಾಳೆಗಳನ್ನು ಕಸಿದುಕೊಂಡು, ಚೂರುಚೂರು ಮಾಡಿ ಒಲೆಗೆ ಹಾಕಿದರು.

ಅಂತೂ ಲಿಯೊನ್‌ಹಾರ್ಟ್ ಅವತ್ತು ಸತ್ತ.