ಗದಿಗೆಪ್ಪನೂ ಹೊಸ್ತಿಲ ಕಡುಬೂ

ಅಂಬೆಗಾಲಿಡುವ ಕೂಸಿಗೂ ಕೋಲೂರುವ ಮುದುಕನಿಗೂ ಬೆನ್ನಹಿಂದೆ ಕೈಯಿಟ್ಟು ನಡೆಸುವ ಶಿವನೇ, ನಿನಗೆ ಶರಣು. ನಿನ್ನ ನೆನೆದೇ ಈ ಪೆದ್ದನ ಕತೆ ತೆಗೆಯುತ್ತೇನೆ.

ಬಾಳವ್ವನ ಮಗ ಗದಿಗೆಪ್ಪ. ಆಳು ಆನೆಯಂಥವನು, ಬುದ್ಧಿ ಎಷ್ಟೆಂದು ಶಿವನೇ ಬಲ್ಲ. ಬಾಳವ್ವನ ಮಗಳು ನೀಲವ್ವ ಬಾಣಂತನಕ್ಕೆ ಬಂದವಳು ಇನ್ನೂ ತವರಲ್ಲೇ ಇದ್ದಳು. ಕೂಸು ತಾನಾಗಿ ಹೊಸ್ತಿಲು ದಾಟಬೇಕು, ಮನೆಯಲ್ಲಿ ಹೊಸ್ತಿಲ ಕಡುಬು ಬೇಯಬೇಕು, ಆಮೇಲೆಯೇ ತಾಯಿ-ಕೂಸು ಗಂಡನ ಮನೆಗೆ. ಅದು ಅವರ ಮನೆತನದ ಪದ್ಧತಿ. ಕೂಸಿಗೋ ಹನ್ನೊಂದು ತಿಂಗಳು, ಕೂತಲ್ಲೇ ಕೂತಿತ್ತು! "ಕಲ್ಲಗುಂಡು ಹಡೆದಾಳ. ಸೋಮವಾರ ನಾನೇ ಬಂದು ನೋಡತೀನಿ" ಎಂದು ಅತ್ತೆ ಗೌರವ್ವ ಹೇಳಿಕಳಿಸಿದ್ದಳು. ನೀಲವ್ವ ಉಣ್ಣುವುದನ್ನೇ ಬಿಟ್ಟಿದ್ದಳು.

"ಗದಿಗ್ಯಾ, ನಾವು ಹೊಲಕ್ಕ ಹೋಗತೀವಿ. ಕೂಸು ಬೀಳದಂಗ ನೋಡ್ಕೋ!" ಎಂದಳು ಬಾಳವ್ವ.

"ಹೂನವ್ವಾ!"

ಕೂಸು ಮುಂದೆ ಬಾಗಿ ಕೈಯೂರಿತು. ಎತ್ತಿ ಕೂರಿಸಿದ. ಮತ್ತೆ ಊರಿತು, ಮತ್ತೆ ಕೂರಿಸಿದ. ಸಂಜೆತನಕ ಇದೇ ಕೆಲಸ.

"ಅಯ್ಯೋ ಪೆದ್ದಾ! ನೆಲಕ್ಕ ಬಿದ್ರ ಮುಟ್ಟಬಾರದೋ! ಚಪ್ಪಾಳಿ ತಟ್ಟಿ 'ಬಾ ಬಾ' ಅನ್ನಬೇಕೋ!" ಎಂದಳು ಹೊಲದಿಂದ ಬಂದ ಬಾಳವ್ವ.

ಮರುದಿನ ಬಾವಿಕಟ್ಟೆಯಲ್ಲಿ ಸಂಗಜ್ಜಿ ಕೊಡ ಸಮೇತ ಜಾರಿಬಿದ್ದಳು. ಗದಿಗೆಪ್ಪ ಮುಟ್ಟಲಿಲ್ಲ. ಚಪ್ಪಾಳೆ ತಟ್ಟಿದ. "ಬಾ ಬಾ, ಅಜ್ಜಿ, ಬಾ!"

"ನಿನ್ನ ಬಾಯಾಗ ಮಣ್ಣು ಬೀಳಲಿ!" ಎಂದಳು ಅಜ್ಜಿ. ಬಾಳವ್ವ ಹಣೆ ಚಚ್ಚಿಕೊಂಡಳು. "ಎತ್ತಬೇಕೋ! ಧೂಳು ಜಾಡಿಸಿ, ಮುದ್ದು ಮಾಡಬೇಕೋ!"

ಮರುದಿನ ಗುಡಿಯಲ್ಲಿ ಪೂಜಾರಯ್ಯ ದೇವರಿಗೆ ಉದ್ದಂಡ ನಮಸ್ಕಾರ ಹಾಕಿ ಬಿದ್ದಿದ್ದರು. ಗದಿಗೆಪ್ಪ ಎತ್ತಿದ, ಜಾಡಿಸಿದ, ಗಡ್ಡ ಸವರಿ ಮುದ್ದುಮಾಡಿದ. "ಅಳಬ್ಯಾಡ್ರೀ ಅಯ್ಯಾರ!"

"ಶಿವಶಿವಾ! ತಾನಾಗಿ ನೆಲ ಹಿಡಿದವರ ಪಕ್ಕ ನೀನೂ ಬೋರಲು ಬೀಳಬೇಕೋ!" ಎಂದು ಬಾಳವ್ವ ಅತ್ತಳು.

ಭಾನುವಾರ ಕೂಸು ಹೊಸ್ತಿಲ ಬಳಿ ಬೋರಲು ಬಿತ್ತು. ಗದಿಗೆಪ್ಪನೂ ಹೊಸ್ತಿಲಿಗೆ ಅಡ್ಡಲಾಗಿ ದೊಪ್ಪನೆ ಬಿದ್ದ. ಕೂಸು ಬೆರಗಾಗಿ ನೋಡಿತು. ಇದೇನಿದು, ಮಾಮ ನೆಲದ ಮೇಲೆ? ಮೊಣಕಾಲು ಮಡಿಸಿತು. ಒಂದು ಕೈ ಇಟ್ಟಿತು, ಇನ್ನೊಂದು ಇಟ್ಟಿತು. ಮಾಮನ ಬೆನ್ನು ಹತ್ತಿತು, ಇಳಿಯಿತು. ಅಂಗಳದ ಕೋಳಿಯ ಹಿಂದೆ ಹೊರಟೇಬಿಟ್ಟಿತು!

ನೀಲವ್ವ ಓಡಿಬಂದು ಕೂಸನ್ನು ಎದೆಗವುಚಿಕೊಂಡಳು. ಗದಿಗೆಪ್ಪ ಮಾತ್ರ ಬಿದ್ದೇ ಇದ್ದ.

"ಏಳೋ! ಮೊದಲ ಸಲ ಹೊಸ್ತಿಲು ದಾಟಿದವರಿಗೆ ಬಾಯಿತುಂಬ ಕಡುಬು ಇಟ್ಟು, ಸೊಂಟದ ಮ್ಯಾಲ ಎತ್ತಿ ಅಂಗಳ ತುಂಬ ಕುಣಿಸಬೇಕೋ!" ಎಂದಳು ಬಾಳವ್ವ.

"ಹೂನವ್ವಾ!"

ಸೋಮವಾರ ಕಡುಬು ಬೆಂದಿತು. ಆ ಮನೆಗೆ ಎಂದೂ ಕಾಲಿಡದ ಗೌರವ್ವ ಹೊಸ್ತಿಲು ದಾಟಿದಳು. "ಎಲ್ಲೈತಿ ಆ ಕಲ್ಲಗುಂ..."

ಬಾಯಿಗೆ ಕಡುಬು ಬಿತ್ತು! ಮರುಗಳಿಗೆಗೆ ಆಕೆ ಗದಿಗೆಪ್ಪನ ಸೊಂಟದ ಮೇಲೆ! ಅಂಗಳ ತುಂಬ ಕುಣಿತ! ಕೂಸು ಕೇಕೆ ಹಾಕಿ, ಸರಸರ ಹೊಸ್ತಿಲು ದಾಟಿ, ಜೋತಾಡುವ ಸೆರಗನ್ನು ಹಿಡಿಯಿತು. ಗೌರವ್ವ ಕೂಸನ್ನು ನೋಡಿದಳು. ಬೈಯಲು ಬಾಯಿ ಖಾಲಿಯಿರಲಿಲ್ಲ, ಕಣ್ಣಲ್ಲಿ ನಗು ಬಂತು.

"ಇಳಿಸೋ ಅವರನ್ನ!" ಎಂದು ಕೂಗಿದಳು ಬಾಳವ್ವ.

"ಇಳಿಸತೀನವ್ವಾ," ಎಂದ ಗದಿಗೆಪ್ಪ ಕುತೂಹಲದಿಂದ. "ಇವರಿಗೆ ನಡಿಯಾಕ ಬರತೈತೋ, ಇಲ್ಲಾ ಇನ್ನೂ ಅಂಬೆಗಾಲೋ?"

ಕೇಳಿದ ನಿಮ್ಮೆಲ್ಲರ ಹೊಸ್ತಿಲನ್ನೂ ಪುಟ್ಟ ಮೊಣಕಾಲುಗಳು ದಾಟಲಿ. ಬಿದ್ದವರನ್ನು ಶಿವನು ಎತ್ತಲಿ, ಎದ್ದವರನ್ನು ನಡೆಸಲಿ.